ದೆಹಲಿಯ ಮೊದಲ ಮೇಯರ್ ಅರುಣಾ ಅಸಫ್ ಅಲಿ

ವಸಂತ ಕುಂಜ್, ಜೆ.ಎನ್.ಯು., ಕುತುಬ್ ಇನ್‌ಸ್ಟಿಟ್ಯೂಷನಲ್ ಏರಿಯಾ ಕಡೆ ಓಡಾಡುವವರಿಗೆ ಅರುಣಾ ಅಸಫ್ ಅಲಿ ಮಾರ್ಗ ಚೆನ್ನಾಗಿ ಗೊತ್ತು. ಸಿವಿಲ್ ಲೈನ್ಸ್ ಕಡೆಯವರಿಗೆ ಅದೇ ಹೆಸರಿನ ಸರ್ಕಾರಿ ಆಸ್ಪತ್ರೆಯೂ ಗೊತ್ತು. ಹೆಸರಿನ ಹಿಂದಿನ ಹೆಂಗಸು ಯಾರು ಎಂದು ಕೇಳಿದರೆ ಶಾಲೆಯಲ್ಲಿ ಓದಿದ ಒಂದು ಚಿತ್ರ ಕಣ್ಣಮುಂದೆ ಬರುತ್ತದೆ: 1942ರ ಆಗಸ್ಟ್ 9, ಮುಂಬಯಿಯ ಗೊವಾಲಿಯಾ ಟ್ಯಾಂಕ್ ಮೈದಾನ, ಅಶ್ರುವಾಯುವಿನ ನಡುವೆ ತ್ರಿವರ್ಣ ಧ್ವಜ ಏರಿಸುತ್ತಿರುವ ತರುಣಿ. ಪಠ್ಯಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಆಗ ಅವರಿಗೆ ವಯಸ್ಸು 33. ಆಮೇಲೆ ಇನ್ನೂ 54 ವರ್ಷ ಬದುಕಿದರು. ಆ ಐವತ್ತನಾಲ್ಕು ವರ್ಷಗಳಲ್ಲಿ ಬಹುಪಾಲು ಕಳೆದದ್ದು ನಮ್ಮ ಈ ದೆಹಲಿಯಲ್ಲಿ, ಕಾರ್ಮಿಕ ಸಂಘಗಳ ಜೊತೆ, ಹೆಂಗಸರ ಸಂಘಟನೆಗಳ ಜೊತೆ. ದೆಹಲಿ ನಗರ ನಿಗಮಕ್ಕೆ ಮೊಟ್ಟಮೊದಲ ಮೇಯರ್ ಆದವರೂ ಅವರೇ. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಅವರ ಬದುಕಿನ ಈ ಉಳಿದ ಭಾಗವೇ ಹೆಚ್ಚು ಹೊಂದುತ್ತದೆ ಅನಿಸಿ ಇದನ್ನು ಬರೆಯುತ್ತಿದ್ದೇನೆ.

ಅರುಣಾ ಹುಟ್ಟಿದ್ದು 1909ರ ಜುಲೈ 16ರಂದು, ಶಿಮ್ಲಾಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕಾಲ್ಕಾದಲ್ಲಿ. ತಂದೆ ಉಪೇಂದ್ರನಾಥ ಗಂಗೂಲಿ, ಪೂರ್ವ ಬಂಗಾಳದ ಬಾರಿಸಾಲ್ ಮೂಲದವರು. ತಾಯಿ ಅಂಬಾಲಿಕಾ ದೇವಿ ಬ್ರಹ್ಮಸಮಾಜದ ಮನೆತನದವರು. ರವೀಂದ್ರನಾಥ ಠಾಕೂರರ ಮಗಳು ಮೀರಾ ದೇವಿಯನ್ನು ಮದುವೆಯಾಗಿದ್ದ ನಗೇಂದ್ರನಾಥ ಗಂಗೂಲಿ ಅರುಣಾಗೆ ಚಿಕ್ಕಪ್ಪ. ಬಂಗಾಳಿ ಚಿತ್ರರಂಗದ ಆದಿಪುರುಷರಲ್ಲಿ ಒಬ್ಬರಾದ ಧೀರೇಂದ್ರನಾಥ ಗಂಗೂಲಿ ಇನ್ನೊಬ್ಬ ಚಿಕ್ಕಪ್ಪ. ಓದಿದ್ದು ಲಾಹೋರಿನ ಕಾನ್ವೆಂಟಿನಲ್ಲಿ, ಆಮೇಲೆ ನೈನಿತಾಲಿನಲ್ಲಿ. ಓದು ಮುಗಿದ ಮೇಲೆ ಕಲ್ಕತ್ತೆಯ ಗೋಖಲೆ ಮೆಮೋರಿಯಲ್ ಶಾಲೆಯಲ್ಲಿ ಕೆಲಕಾಲ ಮೇಷ್ಟ್ರಾಗಿದ್ದರು. ಅಲ್ಲಿಗೆ ಅದೊಂದು ಸುಖವಾಗಿ ಸಾಗಬಹುದಾಗಿದ್ದ ಬದುಕು.

ಅಲಹಾಬಾದಿನಲ್ಲಿ ಪರಿಚಯವಾದವರು ದೆಹಲಿಯ ಬ್ಯಾರಿಸ್ಟರ್ ಅಸಫ್ ಅಲಿ. ಮುಸ್ಲಿಂ, ಕಾಂಗ್ರೆಸ್ಸಿಗರು, ವಯಸ್ಸಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ದೊಡ್ಡವರು. 1928ರಲ್ಲಿ ಇಬ್ಬರೂ ಮದುವೆಯಾದರು. ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು. ಹುಡುಗಿ ನಮ್ಮ ಪಾಲಿಗೆ ಸತ್ತಳು ಎಂದು ಚಿಕ್ಕಪ್ಪ ಶ್ರಾದ್ಧವನ್ನೇ ಮಾಡಿಬಿಟ್ಟರಂತೆ. ಹತ್ತೊಂಬತ್ತರ ಹುಡುಗಿ ಹಳೆ ದೆಹಲಿಯ ಉರ್ದು ಮನೆತನವೊಂದಕ್ಕೆ ಸೊಸೆಯಾಗಿ ಬಂದದ್ದು ಹೀಗೆ. ಮರುವರ್ಷವೇ, ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರು ಅಸೆಂಬ್ಲಿಯಲ್ಲಿ ಬಾಂಬ್ ಎಸೆದ ಮೊಕದ್ದಮೆಯಲ್ಲಿ ಆರೋಪಿಗಳ ಪರ ನಿಂತ ವಕೀಲರಲ್ಲಿ ಅಸಫ್ ಅಲಿ ಒಬ್ಬರಾಗಿದ್ದರು. ರಾಜಕೀಯ ಮನೆಯೊಳಗೇ ಕೂತಿತ್ತು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅರುಣಾ ಬೀದಿಗಿಳಿದರು, ಮೆರವಣಿಗೆ ನಡೆಸಿದರು, ಭಾಷಣ ಮಾಡಿದರು. ಸರ್ಕಾರ ಅವರನ್ನು ಹಿಡಿದದ್ದು ಸತ್ಯಾಗ್ರಹಿ ಎಂದಲ್ಲ, ಅಲೆಮಾರಿ ಎಂಬ ಆರೋಪದ ಮೇಲೆ. ಬ್ಯಾರಿಸ್ಟರರ ಹೆಂಡತಿ ಅಲೆಮಾರಿ! ನಗು ಬರುವ ಆರೋಪ, ಆದರೆ ಅದರ ಪರಿಣಾಮ ನಗುವಂಥದ್ದಾಗಿರಲಿಲ್ಲ. 1931ರಲ್ಲಿ ಗಾಂಧಿ-ಇರ್ವಿನ್ ಒಪ್ಪಂದವಾಗಿ ರಾಜಕೀಯ ಕೈದಿಗಳಿಗೆಲ್ಲ ಬಿಡುಗಡೆಯಾದಾಗ ಅರುಣಾ ಹೆಸರು ಪಟ್ಟಿಯಲ್ಲಿರಲಿಲ್ಲ. ಕಾಗದದ ಪ್ರಕಾರ ಅವರು ರಾಜಕೀಯ ಕೈದಿಯೇ ಅಲ್ಲವಲ್ಲ. ಆಗ ಜೊತೆಯಲ್ಲಿದ್ದ ಹೆಂಗಸರು ಮಾಡಿದ ಕೆಲಸ ದೊಡ್ಡದು. ಅರುಣಾರನ್ನು ಬಿಡದೆ ನಾವೂ ಹೊರಗೆ ಹೋಗುವುದಿಲ್ಲ ಎಂದು ಕೂತುಬಿಟ್ಟರು. ಗಾಂಧೀಜಿಯೇ ಮಧ್ಯೆ ಬಂದು ಹೇಳಿದ ಮೇಲೆ ಅವರು ಹೊರಟರು. ಹೊರಗೆ ಚಳವಳಿ ನಡೆದು ಅರುಣಾಗೂ ಬಿಡುಗಡೆಯಾಯಿತು. ಮನೆ, ಮಕ್ಕಳು, ಮರಿ ಎಲ್ಲ ಹೊರಗೆ ಕಾಯುತ್ತಿರುವಾಗ, ತೆರೆದ ಬಾಗಿಲಿನ ಮುಂದೆ ನಿಂತು ಒಬ್ಬಳಿಗಾಗಿ ಹಿಂದೆ ಉಳಿದ ಆ ಹೆಂಗಸರ ಹೆಸರುಗಳು ನಮಗೆ ಸಿಗುವುದಿಲ್ಲ. ಕಾರ್ಮಿಕ ಸಂಘ ಎಂಬ ಮಾತಿಗೆ ಅರುಣಾ ಬದುಕಿನಲ್ಲಿ ಮೊದಲ ಪಾಠ ಸಿಕ್ಕಿದ್ದು ಇಲ್ಲಿಯೇ ಎಂದು ನಾನು ನಂಬುತ್ತೇನೆ.

1932ರಲ್ಲಿ ಮತ್ತೆ ಸೆರೆ, ಈ ಸಲ ದೆಹಲಿಯಲ್ಲಿ. ಕೈದಿಗಳನ್ನು ನಡೆಸಿಕೊಳ್ಳುವ ರೀತಿಯನ್ನು ಪ್ರತಿಭಟಿಸಿ ಉಪವಾಸ ಕೂತರು. ಜೈಲಿನ ಸ್ಥಿತಿ ಸ್ವಲ್ಪ ಸುಧಾರಿಸಿತು. ಅವರನ್ನು ಮಾತ್ರ ಅಂಬಾಲಾಕ್ಕೆ ಸಾಗಿಸಿ ಒಂಟಿ ಕೋಣೆಗೆ ಹಾಕಿದರು. ಫಲ ಉಳಿದವರಿಗೆ, ಶಿಕ್ಷೆ ಕೇಳಿದವಳಿಗೆ. ಯೂನಿಯನ್ ಕಟ್ಟಿದವರನ್ನು ಕೇಳಿದರೆ ಇದು ಹೊಸ ಕಥೆಯಲ್ಲ ಎನ್ನುತ್ತಾರೆ.

1942ರ ಕಥೆ ಎಲ್ಲರಿಗೂ ತಿಳಿದದ್ದೇ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಕ್ವಿಟ್ ಇಂಡಿಯಾ ನಿರ್ಣಯವಾದ ಮರುದಿನ ಬೆಳಗಿನ ಜಾವವೇ ನಾಯಕರೆಲ್ಲ ಜೈಲು ಸೇರಿದರು, ಅಸಫ್ ಅಲಿಯೂ ಸೇರಿದಂತೆ. ಧ್ವಜ ಏರಿಸಿದ ಅರುಣಾ ಭೂಗತರಾದರು. ಸರ್ಕಾರ ಅವರ ಆಸ್ತಿಯನ್ನು ಜಪ್ತಿ ಮಾಡಿ ಮಾರಿತು, ಹಿಡಿದುಕೊಟ್ಟವರಿಗೆ 5,000 ರೂಪಾಯಿ ಬಹುಮಾನ ಸಾರಿತು. ರಾಮಮನೋಹರ ಲೋಹಿಯಾ ಜೊತೆ ಸೇರಿ ಇಂಕಿಲಾಬ್ ಪತ್ರಿಕೆ ನಡೆಸಿದರು. ಆರೋಗ್ಯ ಕೆಟ್ಟಿತು. ಸಾಕು, ಶರಣಾಗು ಎಂದು ಗಾಂಧೀಜಿ ಕೈಯಾರೆ ಚೀಟಿ ಬರೆದು ಕಳಿಸಿದರೂ ಬರಲಿಲ್ಲ. ಚೀಟಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. 1946ರ ಜನವರಿಯಲ್ಲಿ ವಾರಂಟ್ ರದ್ದಾದ ಮೇಲೆಯೇ ಹೊರಗೆ ಬಂದರು. ಮುಂದಿನ ತಿಂಗಳೇ ಮುಂಬಯಿಯಲ್ಲಿ ನೌಕಾಪಡೆಯ ಕೆಳದರ್ಜೆಯ ನಾವಿಕರು ಬಂಡೆದ್ದಾಗ ಅವರ ಪರ ನಿಂತರು. ದೊಡ್ಡ ನಾಯಕರು ಆ ಬಂಡಾಯವನ್ನು ಒಪ್ಪಿರಲಿಲ್ಲ, ಗಾಂಧೀಜಿಗೂ ಅರುಣಾಗೂ ಈ ವಿಷಯದಲ್ಲಿ ಬಹಿರಂಗವಾಗಿಯೇ ಭಿನ್ನಾಭಿಪ್ರಾಯ ಬಂತು. ನಾವಿಕರ ದೂರುಗಳಲ್ಲಿ ಊಟ, ಸಂಬಳ, ಬಿಳಿಯ ನಾವಿಕರಿಗೂ ತಮಗೂ ಇದ್ದ ತಾರತಮ್ಯ ಎಲ್ಲವೂ ಸೇರಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು. ಒಂದೇ ಕೆಲಸಕ್ಕೆ ಎರಡು ಬಗೆಯ ಸಂಬಳ ಎಂಬ ಪ್ರಶ್ನೆ ಅರುಣಾರ ದಾರಿಗೆ ಹೀಗೂ ಬಂದಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಸುಮ್ಮನಿದ್ದಿದ್ದರೆ ಅವರಿಗೆ ಕುರ್ಚಿಗಳಿಗೇನೂ ಕೊರತೆಯಿರಲಿಲ್ಲ. ಪತಿ ಅಮೆರಿಕಕ್ಕೆ ಭಾರತದ ಮೊದಲ ರಾಯಭಾರಿಯಾದರು, ಆಮೇಲೆ ಒಡಿಶಾದ ರಾಜ್ಯಪಾಲರಾದರು. ಅರುಣಾ ಮಾತ್ರ 1948ರಲ್ಲಿ ಸಮಾಜವಾದಿಗಳ ಜೊತೆ ಕಾಂಗ್ರೆಸ್ಸಿನಿಂದ ಹೊರಬಂದರು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಆ ಸಮಾಜವಾದಿ ಬಳಗದ ಹಿರಿಯರಲ್ಲಿ ಒಬ್ಬರು. ಅದೇ ಹೊತ್ತಿಗೆ ಕಮಲಾದೇವಿ ದೇಶವಿಭಜನೆಯ ನಿರಾಶ್ರಿತರಿಗಾಗಿ ಸಹಕಾರ ಸಂಘ ಕಟ್ಟಿ ಛತ್ತರ್‌ಪುರ, ಫರೀದಾಬಾದಿನಲ್ಲಿ ದುಡಿಯುತ್ತಿದ್ದರು. ಅರುಣಾ ಹಿಡಿದದ್ದು ಕಾರ್ಮಿಕ ಸಂಘಗಳ ದಾರಿ. ಸಮಾಜವಾದಿ ಪಕ್ಷವೂ ಸಾಲದೆನಿಸಿ ಎಡಕ್ಕೆ ಸರಿದರು. 1950ರ ದಶಕದ ನಡುವೆ ಕಮ್ಯುನಿಸ್ಟ್ ಪಕ್ಷ ಸೇರಿ ಅದರ ಕೇಂದ್ರ ಸಮಿತಿಯ ಸದಸ್ಯೆಯಾದರು, ಎಐಟಿಯುಸಿಯ ಉಪಾಧ್ಯಕ್ಷೆಯೂ ಆದರು. 1953ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಪತಿ ಬರ್ನ್‌ನಲ್ಲಿ ತೀರಿಕೊಂಡರು. ಮರುವರ್ಷ ಕಲ್ಕತ್ತೆಯಲ್ಲಿ ಭಾರತೀಯ ಮಹಿಳಾ ರಾಷ್ಟ್ರೀಯ ಒಕ್ಕೂಟ ಹುಟ್ಟಿತು, ಕಟ್ಟಿದವರಲ್ಲಿ ಅರುಣಾ ಒಬ್ಬರು. ಮುಂದೆ ಅದರ ಅಧ್ಯಕ್ಷೆಯೂ ಆದರು. ಈ ಒಕ್ಕೂಟ ಸೇರಿಕೊಂಡಿದ್ದ ಅಂತರರಾಷ್ಟ್ರೀಯ ಮಹಿಳಾ ಸಂಘಟನೆ 1953ರಲ್ಲೇ ಕೋಪನ್‌ಹೇಗನ್ನಿನಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದನ್ನು ಹೆಂಗಸರ ಹಕ್ಕು ಎಂದು ಸಾರಿತ್ತು.

ನಮ್ಮ ಸಂವಿಧಾನದಲ್ಲೂ ಆ ಮಾತು ಇತ್ತು. 39(ಡಿ) ವಿಧಿ ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ. ಸಂವಿಧಾನ ಸಭೆಯಲ್ಲಿ ಕೂತಿದ್ದ ಬೆರಳೆಣಿಕೆಯ ಹೆಂಗಸರಲ್ಲಿ ಅರುಣಾರ ತಂಗಿ ಪೂರ್ಣಿಮಾ ಬ್ಯಾನರ್ಜಿಯೂ ಒಬ್ಬರು. ಆದರೆ ಆ ವಿಧಿ ಇರುವುದು ನಿರ್ದೇಶಕ ತತ್ವಗಳ ಭಾಗದಲ್ಲಿ. ಹಾಗೆಂದರೆ ಸರ್ಕಾರಕ್ಕೆ ಕೊಟ್ಟ ಸಲಹೆ. ಇದನ್ನು ಹಿಡಿದುಕೊಂಡು ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ.

ಇಷ್ಟು ಹಿನ್ನೆಲೆಯ ಮೇಲೆ 1957ರ ದೆಹಲಿಯನ್ನು ನೋಡಬೇಕು. ಆ ವರ್ಷ ಜುಲೈನಲ್ಲಿ ನವದೆಹಲಿ ಮುನಿಸಿಪಲ್ ಕಮಿಟಿಯ ಸಫಾಯಿ ಕೆಲಸಗಾರರು ಮುಷ್ಕರ ಹೂಡಿದರು. ಮಂತ್ರಿಗಳ ಬಂಗಲೆಗಳಿರುವ, ದೇಶದಲ್ಲೇ ಅತ್ಯಂತ ಚೊಕ್ಕವೆನಿಸಿದ ರಸ್ತೆಗಳನ್ನು ಗುಡಿಸುತ್ತಿದ್ದವರು ಅವರು. ಜುಲೈ 31ರಂದು ಪೊಲೀಸರು ಗುಂಡು ಹಾರಿಸಿದರು, ಭೂಪ್ ಸಿಂಗ್ ಎಂಬಾತ ಸತ್ತರು. ಇಂದಿಗೂ ಸಫಾಯಿ ಕರ್ಮಚಾರಿಗಳ ಸಂಘಗಳು ಜುಲೈ 31ನ್ನು ಅವರ ನೆನಪಿನಲ್ಲಿ ಆಚರಿಸುತ್ತವೆ. ಸ್ವಾತಂತ್ರ್ಯ ಬಂದು ಹತ್ತು ವರ್ಷ ತುಂಬಲು ಎರಡು ವಾರವಷ್ಟೇ ಬಾಕಿಯಿತ್ತು. ಈ ಕೆಲಸ ಮಾಡುವವರು ಬಹುತೇಕ ವಾಲ್ಮೀಕಿ ಸಮುದಾಯದವರು, ಗಂಡ ಹೆಂಡತಿ ಇಬ್ಬರೂ ಪೊರಕೆ ಹಿಡಿದವರು. ಜಾತಿ ಒಂದು ಕಡೆಯಿಂದ, ಹೆಣ್ಣೆಂಬುದು ಇನ್ನೊಂದು ಕಡೆಯಿಂದ ಸಂಬಳವನ್ನು ಹೇಗೆ ಕೊರೆಯುತ್ತದೆ ಎಂಬುದು ತಿಳಿಯಬೇಕಾದರೆ ಈ ಕೆಲಸಕ್ಕಿಂತ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಅದೇ ವರ್ಷ ಸಂಸತ್ತು ದೆಹಲಿ ನಗರ ನಿಗಮ ಕಾಯ್ದೆ ಮಾಡಿತು. 1958ರ ಏಪ್ರಿಲ್ 7ರಂದು ನಿಗಮ ಹುಟ್ಟಿತು. ನವದೆಹಲಿ ಕಮಿಟಿ ಮತ್ತು ದಂಡು ಪ್ರದೇಶ ಮಾತ್ರ ಹೊರಗುಳಿದವು. ಉಳಿದ ಹಳೆಯ ಸ್ಥಳೀಯ ಸಂಸ್ಥೆಗಳು, ಜೊತೆಗೆ ನೀರು-ಒಳಚರಂಡಿ, ವಿದ್ಯುತ್, ಬಸ್ ಸಾರಿಗೆ ಎಲ್ಲವೂ ಒಂದೇ ಸೂರಿನಡಿ ಬಂದವು. ಚಾಂದನಿ ಚೌಕಿನ ಹಳದಿ ಟೌನ್ ಹಾಲ್ ಅದರ ಮನೆ. ಚುನಾವಣೆಯಲ್ಲಿ ಕಾಂಗ್ರೆಸ್ಸಿಗೂ ಬಹುಮತ ಬರಲಿಲ್ಲ, ಜನಸಂಘಕ್ಕೂ ಬರಲಿಲ್ಲ. ಕೆಲವೇ ಸ್ಥಾನ ಗೆದ್ದಿದ್ದ ಕಮ್ಯುನಿಸ್ಟರ ಕೈಯಲ್ಲಿ ಬೀಗದ ಕೈ. ಕಾಂಗ್ರೆಸ್ಸೂ ಅವರೂ ಒಪ್ಪಿದ ಹೆಸರು ಅರುಣಾ ಅಸಫ್ ಅಲಿ. ಮೊಘಲರ, ಬ್ರಿಟಿಷರ ರಾಜಧಾನಿಯಾಗಿದ್ದ ಊರಿಗೆ ಮೊದಲ ಮೇಯರ್ ಒಬ್ಬ ಹೆಂಗಸು, ಬಂಗಾಳಿ ಮನೆಯ ಮಗಳು, ಮುಸ್ಲಿಂ ಮನೆಯ ಸೊಸೆ, ಒಂದು ಕಾಲಕ್ಕೆ ಅಲೆಮಾರಿ ಎಂದು ಅದೇ ಸರ್ಕಾರಿ ದಫ್ತರದಲ್ಲಿ ದಾಖಲಾಗಿದ್ದವರು.

ಇಲ್ಲಿ ಒಂದು ಮಾತು ಹೇಳಲೇಬೇಕು. ದೆಹಲಿಯ ಮೇಯರ್ ಹುದ್ದೆ ಹೊರಗಿನಿಂದ ಕಾಣುವಷ್ಟು ಬಲವಾದದ್ದಲ್ಲ. ಮೇಯರನ್ನು ನಿಗಮದ ಸದಸ್ಯರು ಒಂದೊಂದು ವರ್ಷಕ್ಕೆ ಆರಿಸುತ್ತಾರೆ. ಮೇಯರ್ ಸಭೆ ನಡೆಸುತ್ತಾರೆ, ಗಣ್ಯರನ್ನು ಸ್ವಾಗತಿಸುತ್ತಾರೆ. ಆಡಳಿತ ನಡೆಸುವ ಅಧಿಕಾರವಿರುವುದು ಕೇಂದ್ರ ಸರ್ಕಾರ ನೇಮಿಸುವ ಕಮಿಷನರ್ ಕೈಯಲ್ಲಿ. ಸಾವಿರಾರು ನೌಕರರ ಸಂಬಳದ ಪಟ್ಟಿ ಮೇಯರ್ ಟೇಬಲ್ಲಿನ ಮೇಲೆ ತೀರ್ಮಾನವಾಗುವುದಿಲ್ಲ. ಎಐಟಿಯುಸಿಯ ವೇದಿಕೆಯಿಂದ ಮಾಲೀಕರನ್ನು ಕೇಳುತ್ತಿದ್ದ ಹೆಂಗಸು ಈಗ ಹೆಸರಿಗೆ ಮಾಲೀಕರ ಕುರ್ಚಿಯಲ್ಲಿ, ಆದರೆ ಖಜಾನೆಯ ಕೀಲಿ ಬೇರೆಯವರಲ್ಲಿ! ಯೂನಿಯನ್ನಿನ ಜನಕ್ಕೆ ಇದಕ್ಕಿಂತ ಕಷ್ಟದ ಜಾಗ ಇರಲಾರದು. ಆ ಮಿತಿಯೊಳಗೆ ನಗರದ ಆರೋಗ್ಯ, ನೈರ್ಮಲ್ಯ, ಬಡವರ ಬಸ್ತಿಗಳ ಕೆಲಸಕ್ಕೆ ಅವರು ಒತ್ತುಕೊಟ್ಟರು, ಸುಭದ್ರಾ ಜೋಶಿಯಂಥವರ ಜೊತೆ ಸೇರಿ ದುಡಿದರು. ಪಕ್ಷಗಳ ಹೊಂದಾಣಿಕೆ ಹೆಚ್ಚು ದಿನ ಬಾಳಲಿಲ್ಲ. ಅರುಣಾ ಸುಮಾರು ಒಂದು ವರ್ಷದಲ್ಲೇ ಆ ಕುರ್ಚಿಯಿಂದ ಇಳಿದರು. ಮತ್ತೆ ಯಾವ ಚುನಾಯಿತ ಹುದ್ದೆಯ ಬೆನ್ನು ಹತ್ತಲಿಲ್ಲ. ಕಮ್ಯುನಿಸ್ಟ್ ಪಕ್ಷದಿಂದಲೂ ದೂರ ಸರಿದರು. ಪಕ್ಷ ಬಿಟ್ಟರೂ ಎಡಪಂಥದ ಬಳಗವನ್ನೂ ಮಹಿಳಾ ಒಕ್ಕೂಟವನ್ನೂ ಬಿಡಲಿಲ್ಲ.

ಅವರು ಮೇಯರ್ ಆಗಿದ್ದ 1958ರಲ್ಲೇ, ಸೆಪ್ಟೆಂಬರ್ 25ರಂದು, ಭಾರತ ಸರ್ಕಾರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 100ನೇ ಒಡಂಬಡಿಕೆಗೆ ಅನುಮೋದನೆ ಕೊಟ್ಟಿತು. ಸಮಾನ ಮೌಲ್ಯದ ಕೆಲಸಕ್ಕೆ ಗಂಡಸರಿಗೂ ಹೆಂಗಸರಿಗೂ ಸಮಾನ ಸಂಭಾವನೆ ಎಂಬುದು ಆ ಒಡಂಬಡಿಕೆಯ ತಿರುಳು. ಜಿನೀವಾದಲ್ಲಿ ಒಪ್ಪಿಕೊಂಡದ್ದನ್ನು ಮನೆಯಲ್ಲಿ ಕಾನೂನು ಮಾಡಲು ಹದಿನೇಳು ವರ್ಷ ಬೇಕಾಯಿತು. 1975 ಅಂತರರಾಷ್ಟ್ರೀಯ ಮಹಿಳಾ ವರ್ಷ. ಹಿಂದಿನ ವರ್ಷವಷ್ಟೇ ಭಾರತದ ಹೆಂಗಸರ ಸ್ಥಿತಿಗತಿಯ ಬಗ್ಗೆ ಸರ್ಕಾರವೇ ನೇಮಿಸಿದ ಸಮಿತಿ ಕಣ್ಣು ತೆರೆಸುವ ವರದಿ ಕೊಟ್ಟಿತ್ತು. ಆ ಸೆಪ್ಟೆಂಬರಿನಲ್ಲಿ ಸಮಾನ ಸಂಭಾವನೆಯ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆಯಾಯಿತು. ದೇಶದಲ್ಲಿ ತುರ್ತು ಪರಿಸ್ಥಿತಿ ಇದ್ದ ಕಾಲ ಅದು. ಮುಷ್ಕರಗಳ ಬಾಯಿಗೆ ಬೀಗ ಬಿದ್ದಿದ್ದಾಗ ಹೆಂಗಸರಿಗೆ ಸಮಾನ ವೇತನದ ಕಾನೂನು ಸಿಕ್ಕಿತು. ಇದನ್ನು ಹೇಗೆ ನೋಡಬೇಕೋ ಗೊತ್ತಾಗದೆ ಅನೇಕ ಮಹಿಳಾ ಸಂಘಟನೆಗಳು ಆಗ ಕಸಿವಿಸಿಗೊಂಡಿರಬೇಕು. ಇಂದಿರಾ ಗಾಂಧಿಯವರಿಗೆ ಹತ್ತಿರದವರಾಗಿದ್ದ ಅರುಣಾ ತುರ್ತು ಪರಿಸ್ಥಿತಿಯ ಬಗ್ಗೆ ಅಸಮಾಧಾನ ಇಟ್ಟುಕೊಂಡೂ ಆ ಸ್ನೇಹವನ್ನು ಉಳಿಸಿಕೊಂಡರು. ಅವರ ಬದುಕಿನಲ್ಲಿ ನನಗೆ ಸುಲಭವಾಗಿ ಒಪ್ಪಲಾಗದ ಅಧ್ಯಾಯ ಇದೊಂದೇ.

ಮೇಯರ್ ಪದವಿಯ ನಂತರ ಅವರ ಮುಖ್ಯ ಕೆಲಸ ಪತ್ರಿಕೆ. ಎಡತಟ್ಟ ನಾರಾಯಣನ್ ಅವರ ಜೊತೆ ಲಿಂಕ್ ವಾರಪತ್ರಿಕೆ, 1963ರಿಂದ ಪೇಟ್ರಿಯಟ್ ದಿನಪತ್ರಿಕೆ. ಒಂದು ಕಾಲದಲ್ಲಿ ಬಹದ್ದೂರ್ ಶಾ ಜಫರ್ ಮಾರ್ಗದ ಪತ್ರಿಕಾ ಬೀದಿಯಲ್ಲಿ ಅದಕ್ಕೆ ತನ್ನದೇ ಗೌರವ ಇತ್ತು. ಲೆನಿನ್ ಶಾಂತಿ ಪ್ರಶಸ್ತಿ, ನೆಹರೂ ಪ್ರಶಸ್ತಿ, 1992ರಲ್ಲಿ ಪದ್ಮವಿಭೂಷಣ ಎಲ್ಲ ಬಂದವು. ಅಷ್ಟಾದರೂ ಸಿಟಿ ಬಸ್ಸಿನಲ್ಲಿ ಓಡಾಡುತ್ತಿದ್ದರು ಎಂದು ಬಲ್ಲವರು ಹೇಳುತ್ತಾರೆ. 1996ರ ಜುಲೈ 29ರಂದು ದೆಹಲಿಯಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಭಾರತರತ್ನ ಸಿಕ್ಕಿತು.

ಕಾನೂನು ಬಂದ ಮೇಲೆ ಸ್ಥಳೀಯ ಸಂಸ್ಥೆಗಳಲ್ಲಿ ಏನಾಯಿತು? ಕಾಯಂ ನೌಕರರ ವೇತನಶ್ರೇಣಿಯಲ್ಲಿ ಗಂಡು ಹೆಣ್ಣೆಂಬ ಎರಡು ಕಾಲಂ ಇಲ್ಲ, ನಿಜ. ಆದರೆ ಹೆಂಗಸರನ್ನು ಆ ಶ್ರೇಣಿಯ ಒಳಕ್ಕೇ ಬಿಡದಿದ್ದರೆ? ದಿನಗೂಲಿ, ಮಸ್ಟರ್ ರೋಲ್, ಬದಲಿ, ಗುತ್ತಿಗೆ, ಹೀಗೆ ಬಾಗಿಲ ಹೊರಗೆ ನಿಲ್ಲಿಸುವ ದಾರಿಗಳು ಹಲವು. ಅದೇ ರಸ್ತೆ, ಅದೇ ಪೊರಕೆ, ಅದೇ ಬಿಸಿಲು. ಒಬ್ಬರಿಗೆ ಪಿಂಚಣಿ ಸಹಿತ ಸಂಬಳ, ಪಕ್ಕದವಳಿಗೆ ದಿನದ ಲೆಕ್ಕ. ನಮ್ಮ ಕರ್ನಾಟಕದ ಕಥೆಯೂ ಇದೇ. ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು, ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಸ್ಥಿತಿ ಸುಧಾರಣೆಗೆ ವರದಿ ಕೊಟ್ಟಿತು. ಆದರೂ ಬೆಂಗಳೂರಿನ ಪೌರಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಹೆಂಗಸರೇ, ಕಾಯಮಾತಿಗಾಗಿ 2022ರಲ್ಲೂ ಪೊರಕೆ ಕೆಳಗಿಟ್ಟು ಬೀದಿಯಲ್ಲಿ ಕೂರಬೇಕಾಯಿತು.

ಈ ಬಾಗಿಲನ್ನು ತಟ್ಟಿದ ದೊಡ್ಡ ಮೊಕದ್ದಮೆಗಳಲ್ಲಿ ಒಂದು ದೆಹಲಿಯದೇ. 1982ರಲ್ಲಿ ದೆಹಲಿ ಪೊಲೀಸ್ ಇಲಾಖೆಯ ಚಾಲಕ ರಣಧೀರ್ ಸಿಂಗ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 39(ಡಿ) ವಿಧಿಗೆ ಜೀವ ಕೊಟ್ಟಿತು. ಬೇರೆ ಇಲಾಖೆಗಳ ಚಾಲಕರಿಗೆ ಹೆಚ್ಚು, ಪೊಲೀಸ್ ಚಾಲಕರಿಗೆ ಕಡಿಮೆ ಏಕೆ ಎಂಬುದು ಅಲ್ಲಿನ ಪ್ರಶ್ನೆ. ನಿರ್ದೇಶಕ ತತ್ವವೇ ಆದರೂ ಸಮಾನತೆಯ ಮೂಲಭೂತ ಹಕ್ಕಿನ ಜೊತೆ ಸೇರಿಸಿ ಓದಿದಾಗ ಇದನ್ನು ಕೋರ್ಟಿನಲ್ಲಿ ಕೇಳಬಹುದು ಎಂದಾಯಿತು. 2016ರಲ್ಲಿ ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣದಲ್ಲಿ ತಾತ್ಕಾಲಿಕ ನೌಕರರಿಗೂ, ಕಾಯಂ ನೌಕರರ ಕೆಲಸವನ್ನೇ ಮಾಡುತ್ತಿದ್ದರೆ, ವೇತನಶ್ರೇಣಿಯ ಕನಿಷ್ಠ ಮೊತ್ತ ಕೊಡಬೇಕು ಎಂದು ಅದೇ ಕೋರ್ಟ್ ಹೇಳಿತು. 1976ರ ಕಾಯ್ದೆ ಈಗ 2019ರ ವೇತನ ಸಂಹಿತೆಯೊಳಗೆ ಸೇರಿಹೋಗಿದೆ.

ಇನ್ನೊಂದು ಪ್ರಕರಣ ಅರುಣಾ ಮೇಯರ್ ಆಗಿದ್ದ ನಿಗಮದ್ದೇ. ದೆಹಲಿ ನಗರ ನಿಗಮಕ್ಕಾಗಿ ರಸ್ತೆ ಕೆಲಸ ಮಾಡುವ, ಕಾಲುವೆ ತೋಡುವ, ಕಲ್ಲುಮಣ್ಣು ಹೊರುವ ಹೆಂಗಸರು ವರ್ಷಗಟ್ಟಲೆ ಮಸ್ಟರ್ ರೋಲಿನಲ್ಲೇ ಇದ್ದರು. ಕಾಯಂ ಹೆಂಗಸರಿಗೆ ಹೆರಿಗೆ ರಜೆ ಸಿಗುತ್ತಿತ್ತು, ಇವರಿಗೆ ಇಲ್ಲ. ಹೊಟ್ಟೆ ಮುಂದೆ ಬಂದರೂ ಬುಟ್ಟಿ ಹೊರಬೇಕು, ಹೆತ್ತ ದಿನ ಕೂಲಿ ಇಲ್ಲ. ಅವರ ಯೂನಿಯನ್ ಇದನ್ನು ಕೈಗೆತ್ತಿಕೊಂಡಿತು, ವಿವಾದ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. 1996ರ ಏಪ್ರಿಲ್‌ನಲ್ಲಿ ಮಂಡಳಿ ಹೆಂಗಸರ ಪರ ತೀರ್ಪು ಕೊಟ್ಟಿತು. ಅರುಣಾ ಆಗ ಇನ್ನೂ ಬದುಕಿದ್ದರು. ನಿಗಮ ಸುಮ್ಮನಾಗಲಿಲ್ಲ. ಹೈಕೋರ್ಟಿಗೆ ಹೋಯಿತು, ಅಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ನಿಗಮದ ಅರ್ಜಿಯನ್ನು ತಳ್ಳಿಹಾಕಿದ ದಿನ 2000ದ ಮಾರ್ಚ್ 8. ಅಷ್ಟರಲ್ಲಿ ನಿಗಮದ ಕಾಯ್ದೆಗೆ 1993ರ ತಿದ್ದುಪಡಿ ಬಂದು, ಪ್ರತಿ ಅವಧಿಯ ಮೊದಲ ವರ್ಷದ ಮೇಯರ್ ಹೆಂಗಸೇ ಆಗಿರಬೇಕು ಎಂಬ ನಿಯಮ ಜಾರಿಯಲ್ಲಿತ್ತು.